ಕಣ್ಣು ಮುಚ್ಚಿ ಕೇಳಿದ ಪಾಠ

ಏಪ್ರಿಲ್ ನಡುವಿನಲ್ಲಿ ನನ್ನ ಮಗಳ ಮಗಳು ಬೇಸಿಗೆ ಸೂಟಿಗೆಂದು ನಿಪ್ಪಾಣಿಯಿಂದ ಅಥಣಿಗೆ ಬಂದಳು. ಅವಳು ಬರುವ ಎರಡು ದಿನ ಮೊದಲೇ ನಾನೊಂದು ವೇಳಾಪತ್ರಿಕೆ ತಯಾರಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಡಸಾಲೆಯ ಗೋಡೆಗೆ ಅಂಟಿಸಿದ್ದೆ. ಮೂವತ್ತೇಳು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನ ಕಣ್ಣಿಗೆ ವೇಳಾಪತ್ರಿಕೆ ಇಲ್ಲದ ಗೋಡೆ ಅಂಗಿ ತೊಡದ ಮನುಷ್ಯನಂತೆ ಕಾಣುತ್ತದೆ. ನಸುಕಿನ ನಮಾಜು, ಏಳಕ್ಕೆ ಕುರಾನ್ ಪಾಠ, ಹತ್ತಕ್ಕೆ ಮಗ್ಗಿ, ಮಧ್ಯಾಹ್ನ ಕನ್ನಡ ವಾಚನ, ಸಂಜೆ ‘ಮುಕ್ತ ವಿಹಾರ’. ಮುಕ್ತ ವಿಹಾರಕ್ಕೂ ಇಪ್ಪತ್ತೈದು ನಿಮಿಷ ನಿಗದಿಯಾಗಿತ್ತು.

ಹನ್ನೊಂದು ವರ್ಷದ ಸದರಿ ಮೊಮ್ಮಗಳು ಚೀಲವನ್ನು ಹೆಗಲಿನಿಂದ ಇಳಿಸದೆಯೇ ಅದನ್ನು ಮೇಲಿನಿಂದ ಕೆಳಗೆ ಓದಿದಳು.

“ಅಜ್ಜಾ, ಇದರಾಗ ಸೂಟಿ ಎಲ್ಲೈತಿ?”

“ರವಿವಾರ ಐತಲ್ಲ.”

“ರವಿವಾರದ ಮುಂದ ‘ಪುನರಾವರ್ತನೆ’ ಅಂತ ಬರದೀರಿ.”

ನಮ್ಮ ಮನೆಯ ಮಾತು ಅರ್ಧ ಕನ್ನಡ, ಅರ್ಧ ಉರ್ದು; ಸಿಟ್ಟು ಬಂದಾಗ ಮಾತ್ರ ಮರಾಠಿ. ಆ ಹುಡುಗಿಗೆ ಮೂರೂ ಬರುತ್ತಿದ್ದವು. ಆದರೆ ಅವಳು ಬಂದ ಕೆಲಸ ಈ ಮೂರಕ್ಕೂ ಸಂಬಂಧಿಸಿದ್ದಲ್ಲ. ಕುರಾನಿನಲ್ಲಿ ಮೂವತ್ತು ಭಾಗಗಳು, ಪಾರಾ ಎನ್ನುತ್ತೇವೆ. ಅರಬ್ಬಿಯಲ್ಲಿ ಅದನ್ನು ಒಂದು ಸಲ ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಓದಿ ಮುಗಿಸುವುದು ನಮ್ಮ ಮಕ್ಕಳ ಬಾಳಿನ ಮೊದಲ ದೊಡ್ಡ ಪರೀಕ್ಷೆ. ಅವಳು ಇಪ್ಪತ್ತಾರು ಮುಗಿಸಿದ್ದಳು, ನಾಲ್ಕು ಉಳಿದಿದ್ದವು. ಶಾಲೆ ಶುರುವಾಗುವುದರೊಳಗೆ ಅವು ಮುಗಿದರೆ ಜೂನ್ ಮೊದಲ ವಾರ ನಿಪ್ಪಾಣಿಯಲ್ಲಿ ನೆಂಟರನ್ನು ಕರೆದು, ಅವರೆದುರು ಅವಳಿಂದ ಕೊನೆಯ ಪುಟ ಓದಿಸಿ, ಸಿಹಿ ಹಂಚುವುದೆಂದು ಅವಳ ತಾಯಿ ಗೊತ್ತುಮಾಡಿದ್ದಳು. ಅದಕ್ಕೆಂದು ಹೊಲಿಸಿದ ಹಸಿರು ಜರಿಯ ಡ್ರೆಸ್ಸನ್ನು ಹುಡುಗಿ ಹಟಮಾಡಿ ಅಥಣಿಗೂ ತಂದಿದ್ದಳು. ಎರಡು ದಿನಕ್ಕೊಮ್ಮೆ ಟ್ರಂಕಿನ ಮೇಲೆ ಹರವಿ, ನೋಡಿ, ಮತ್ತೆ ಮಡಚಿಡುವಳು. ಹಾಕಿಕೊಂಡು ನೋಡು ಎಂದರೆ, “ಮುಗದ ಮ್ಯಾಲ ಅಜ್ಜಾ,” ಎನ್ನುವಳು.

ನಮ್ಮ ಓಣಿಯಲ್ಲಿ ಬೇಸಿಗೆಯಲ್ಲಿ ಮಕ್ಕಳಿಗೆ ಕುರಾನ್ ಓದಿಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಮಕ್ಕಳೆಲ್ಲ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ, ನಾಲ್ಕನೆಯ ಇಯತ್ತೆಯಲ್ಲಿ ಅವಳು ನನ್ನ ವಿದ್ಯಾರ್ಥಿನಿಯಾಗಿದ್ದರೂ. ಏಪ್ರಿಲ್ ಮುಗಿಯುವಷ್ಟರಲ್ಲಿ ಹುಡುಗಿ ಆಪಾನ ಎದುರು ಎರಡು ಪಾರಾ ಮುಗಿಸಿದಳು. ಮೇ ಬಂತು, ಎಲ್ಲ ಶಾಲೆಗಳ ಮಕ್ಕಳೂ ಬಂದು ಆಪಾನ ಕಟ್ಟೆ ತುಂಬಿ, ಒಬ್ಬೊಬ್ಬರ ಪಾಠ ಪೂರ್ತಿ ಕೇಳಲು ಅವಳಿಗೆ ಪುರಸೊತ್ತು ಇಲ್ಲದಾಯಿತು. ಒಂದು ದಿನ ಅವಳು ನನ್ನನ್ನು ಕರೆಸಿ ಹೇಳಿದಳು:

“ಸರ್, ಉಳದದ್ದು ಎರಡ ಪಾರಾ. ದಿನಾ ಎರಡೆರಡ ಪುಟ ಮನ್ಯಾಗ ಓದ್ಲಿ, ದೊಡ್ಡಾವ್ರು ಯಾರರೆ ಕೇಳಿ ತಪ್ಪ ತಿದ್ದಿ ಈ ವಹಿಯಾಗ ಸಹಿ ಮಾಡಬೇಕು. ಕಡೀಕ ನಾ ಅಲ್ಲಲ್ಲಿ ಓದಿಸಿ ನೋಡ್ತೀನಿ. ಆದ್ರ ಅಮ್ಮಾ ಊರಾಗಿಲ್ಲಂತ?”

ಅಮ್ಮಾ ಎಂದರೆ ನನ್ನ ಹೆಂಡತಿ. ಶೇಡಬಾಳದಲ್ಲಿ ಅವಳ ತಂಗಿ ಕಾಲು ಮುರಿದುಕೊಂಡಿದ್ದಳು, ಇವಳು ಆರೈಕೆಗೆಂದು ಅಲ್ಲಿಗೆ ಹೋಗಿದ್ದಳು. ಅವಳು ದಿನಾ ನಸುಕಿನಲ್ಲಿ ಕುರಾನ್ ಓದುವವಳು. ಫೋನು ಮಾಡಿದ್ದರೆ ಅಲ್ಲಿಂದಲೇ ಕೇಳುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು.

“ಮನ್ಯಾಗ ಮಾಸ್ತರ ಅದಾನಲ್ಲವಾ,” ಎಂದೆ.

“ಹಂಗಾದ್ರ ನನಗ ಚಿಂತಿಲ್ಲ ಬಿಡ್ರಿ,” ಎಂದಳು ಆಪಾ.

ಈಗ ಒಂದು ಸಂಗತಿಯನ್ನು ದಾಖಲಿಸುವುದು ಅನಿವಾರ್ಯ. ನನಗೆ ಅರಬ್ಬಿ ಓದಲು ಬರುವುದಿಲ್ಲ.

ನಾನು ಹುಟ್ಟಿದ್ದು ಕೃಷ್ಣೆಯ ದಂಡೆಯ ಸತ್ತಿಯಲ್ಲಿ. ನಮ್ಮವರ ಮನೆಗಳು ಅಲ್ಲಿ ಬೆರಳೆಣಿಕೆಯಷ್ಟು. ಒಬ್ಬ ಮುದುಕರು ಬೇಸಿಗೆಯಲ್ಲಿ ಮಸೀದಿಯ ಜಗಲಿಯ ಮೇಲೆ ಅರಬ್ಬಿ ಅಕ್ಷರ ಕಲಿಸುತ್ತಿದ್ದರು. ಜಗಲಿಯಿಂದ ಹೊಳೆ ಕಾಣುತ್ತಿತ್ತು, ತಪ್ಪು ಅದೇ. ಹನ್ನೊಂದನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ನಾನು ಹೊಳೆಯಲ್ಲಿರುತ್ತಿದ್ದೆ. ಮರುವರ್ಷ ಮತ್ತೆ ಮೊದಲಿನಿಂದ. ಹೀಗೆ ನಾಲ್ಕು ಬೇಸಿಗೆ ಕಳೆದು ನಾನು ಮೊದಲಿನ ಹನ್ನೊಂದು ಅಕ್ಷರಗಳಲ್ಲಿ ಪಾರಂಗತನಾದೆ. ನಮಾಜಿಗೆ ಬೇಕಾದಷ್ಟನ್ನು ಕಿವಿಯಿಂದ ಕಲಿತೆ. ಉಳಿದ ಬುದ್ಧಿಯನ್ನೆಲ್ಲ ಹಳಗನ್ನಡಕ್ಕೂ ಛಂದಸ್ಸಿಗೂ ಧಾರೆಯೆರೆದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಮ್ಮಲ್ಲೊಂದು ರೂಢಿಯಿದೆ. ಮೂವತ್ತು ಪಾರಾಗಳನ್ನು ಮೂವತ್ತು ತೆಳ್ಳನೆಯ ಪುಸ್ತಕಗಳಾಗಿ ಹೊಲಿದಿಟ್ಟಿರುತ್ತಾರೆ. ಬಂದವರಿಗೆ ಒಂದೊಂದು ಹಂಚುತ್ತಾರೆ; ಎಲ್ಲರೂ ಒಟ್ಟಿಗೆ ಕುಳಿತು ಓದಿದರೆ ಒಂದು ತಾಸಿನಲ್ಲಿ ಇಡೀ ಕುರಾನ್ ಮುಗಿಯುತ್ತದೆ, ಅದರ ಪುಣ್ಯ ಹೋದವರಿಗೆ. ನನ್ನ ಕೈಗೆ ಮೊದಲ ಸಲ ಪುಸ್ತಕ ಬಂದದ್ದು ನನ್ನ ತಾಯಿ ತೀರಿಕೊಂಡ ನಲವತ್ತನೆಯ ದಿನ. ಆಗಷ್ಟೇ ಮಾಸ್ತರನಾಗಿದ್ದೆ. “ಮಾಸ್ತರ, ನೀವೊಂದು ಹಿಡೀರಿ,” ಎಂದು ಯಾರೋ ಕೊಟ್ಟರು. ಓದಲು ಬರುವುದಿಲ್ಲ ಎನ್ನಲು ನಾಲ್ಕು ಶಬ್ದ ಸಾಕಿತ್ತು. ನಾನು ಪುಸ್ತಕ ತೆರೆದೆ. ತುಟಿ ಅಲುಗಿಸಿದೆ. ಪಕ್ಕದವನು ಹಾಳೆ ತಿರುವಿದ ಅರ್ಧ ನಿಮಿಷದ ಮೇಲೆ ನಾನೂ ತಿರುವಿದೆ. ಅವಸರ ಮಾಡಿದಂತೆ ಕಾಣಬಾರದಲ್ಲ.

ಅಲ್ಲಿಂದ ಈ ಕಲೆಯಲ್ಲಿ ನಾನು ಬಹಳ ಪ್ರಗತಿ ಸಾಧಿಸಿದೆ. ನಡುನಡುವೆ ಒಂದು ನಿಟ್ಟುಸಿರು, ಒಂದೆರಡು ಸಲ ಹಿಂದಿನ ಸಾಲಿಗೆ ಬೆರಳು. ಅಥಣಿಯ ಎಷ್ಟು ಜನ ಹಿರಿಯರು ನನ್ನ ದೆಸೆಯಿಂದ ಇಪ್ಪತ್ತೊಂಬತ್ತೇ ಪಾರಾ ಪಡೆದು ಹೊರಟರೋ ದೇವರೇ ಬಲ್ಲ. ಅವರ ಹೆಸರುಗಳು ನನಗೆ ನೆನಪಿವೆ. ನನ್ನ ತಾಯಿಯದು ಮೊದಲನೆಯದು.

ಇಂಥ ವಿದ್ವಾಂಸನ ಎದುರಿಗೆ ಮೇ ಮೊದಲ ವಾರದಿಂದ ನನ್ನ ಮೊಮ್ಮಗಳು ದಿನಾ ಸಂಜೆ ಎರಡು ಪುಟ ಓದತೊಡಗಿದಳು. ನಾನು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂಡುತ್ತಿದ್ದೆ. ಕಣ್ಣು ಮುಚ್ಚಿದರೆ ಪುಸ್ತಕ ನೋಡುವ ಪ್ರಸಂಗ ಬರುವುದಿಲ್ಲ, ಮೇಲಾಗಿ ತುಂಬಾ ತಿಳಿದವನಂತೆಯೂ ಕಾಣುತ್ತದೆ. ಅವಳ ದನಿ ಚೆನ್ನಾಗಿತ್ತು. ನಾನು ತಲೆದೂಗುತ್ತಿದ್ದೆ. ಮುಗಿದ ಮೇಲೆ ವಹಿಯಲ್ಲಿ ಕೆಂಪು ಶಾಯಿಯಿಂದ ಸರಿ ಗುರುತು ಹಾಕಿ, ‘ಉತ್ತಮ’ ಎಂದು ಬರೆದು, ಸಹಿ ಮಾಡಿ, ಬಹುಮಾನವಾಗಿ ಒಂದು ಹಿಡಿ ಒಣದ್ರಾಕ್ಷಿ ಕೊಡುತ್ತಿದ್ದೆ.

ಇದೇ ನಾನು ಮಧ್ಯಾಹ್ನದ ಕನ್ನಡ ವಾಚನದಲ್ಲಿ ಒಂದು ದೀರ್ಘ ಗಿಡ್ಡವಾದರೂ ಬಿಡುತ್ತಿರಲಿಲ್ಲ. ‘ಹ’ಕಾರ ನುಂಗಿದರೆ ವಾಕ್ಯ ಮೊದಲಿನಿಂದ. ಶಾಲೆಯಲ್ಲಿ ನನ್ನದೊಂದು ಪದ್ಧತಿಯಿತ್ತು, ಅವಳಿಗೆ ಅದನ್ನು ಹೆಮ್ಮೆಯಿಂದ ಹೇಳಿದ್ದೆ ಕೂಡ. ಪಾಠವನ್ನು ಬಾಯಿಪಾಠ ಮಾಡಿ ಓದಿದಂತೆ ನಟಿಸುವ ಮಕ್ಕಳಿರುತ್ತಾರೆ. ಅವರ ಪುಟದ ಮೇಲೆ ಫೂಟಪಟ್ಟಿ ಇಟ್ಟು, ಕೆಳಗಿನ ಸಾಲು ಮಾತ್ರ ತೋರಿಸಿ, “ಇಲ್ಲಿಂದ ಓದು,” ಎನ್ನುತ್ತಿದ್ದೆ. ಕಳ್ಳರು ಅಲ್ಲೇ ಸಿಕ್ಕುತ್ತಿದ್ದರು.

ಐದನೆಯದೋ ಆರನೆಯದೋ ದಿನ ಅವಳು ಒಂದು ಶಬ್ದದ ಮೇಲೆ ತಡೆದಳು.

“ಅಜ್ಜಾ, ಇದನ್ನ ಹೆಂಗ ಓದಬೇಕು?”

ಕಣ್ಣು ತೆರೆದು, ಅವಳ ಬೆರಳಿದ್ದ ಕಡೆ ಗಂಭೀರವಾಗಿ ನೋಡಿದೆ. “ನೀ ಹೆಂಗ ಓದ್ತಿ?”

ಒಂದು ರೀತಿ ಓದಿದಳು.

“ಇನ್ನೊಮ್ಮೆ ವಿಚಾರ ಮಾಡಿ ಓದು.”

ಇನ್ನೊಂದು ರೀತಿ ಓದಿದಳು.

“ಎರಡನೇದ್ದ ಬರೋಬ್ಬರಿ,” ಎಂದೆ. ಎರಡನೆಯದನ್ನು ಆರಿಸಲು ಕಾರಣ, ಅದು ಸ್ವಲ್ಪ ಉದ್ದವಿತ್ತು.

ಅದಾದ ಮೇಲೆ ದಿನಕ್ಕೆರಡು ಮೂರು ಸಲ ಕೇಳುವಳು, ನಾನು ನ್ಯಾಯಾಧೀಶನಂತೆ ತೀರ್ಪು ಕೊಡುವೆ. ಹನ್ನೆರಡನೆಯ ದಿನ ಓದಿ ಮುಗಿಸಿದವಳು ಪುಸ್ತಕ ಮುಚ್ಚದೆ ಕೇಳಿದಳು:

“ಅಜ್ಜಾ, ಇವತ್ತಿನ ಪುಟ ನಿನ್ನಿದ್ದಕಿಂತ ಕಠಿಣ ಇದ್ದೂ, ಹೌದಲ್ಲ?”

“ಕಠಿಣ ಇದ್ದೂ. ಆದ್ರ ನಿನ್ನಿಕಿಂತ ಸುಧಾರಣಾ ಐತಿ.”

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆ ನೋಟ ಎಲ್ಲೋ ಪರಿಚಯದ್ದೆನಿಸಿತು. ಗೌರವವಿರಬೇಕು ಎಂದುಕೊಂಡು ಸಹಿ ಮಾಡಿದೆ. ಅಂದು ಒಣದ್ರಾಕ್ಷಿಯನ್ನು ಅವಳು ತಿನ್ನಲಿಲ್ಲ, ಕಿಟಕಿಯಲ್ಲಿ ಇಟ್ಟು ಹೋದಳು. ಆಮೇಲೆ ನನ್ನನ್ನು ಒಂದು ಶಬ್ದವನ್ನೂ ಕೇಳಲಿಲ್ಲ. ಅನುಮಾನ ಬಂದಲ್ಲಿ ತನಗೆ ತೋಚಿದಂತೆ ಓದಿಕೊಂಡು ಮುಂದೆ ಹೋಗುತ್ತಿದ್ದಳು. ನಾನು ಇದನ್ನು ಪ್ರೌಢಿಮೆ ಎಂದು ತಿಳಿದು, ‘ಉತ್ತಮ’ವನ್ನು ‘ಅತ್ಯುತ್ತಮ’ಕ್ಕೆ ಏರಿಸಿದೆ.

ಮೇ ಕೊನೆಯ ವಾರ ಪರೀಕ್ಷೆ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಬರಹೇಳಿದ್ದಳು ಆಪಾ. ಹುಡುಗಿಯ ಜೊತೆ ನಾನೂ ಇಸ್ತ್ರಿಯ ಅಂಗಿ ತೊಟ್ಟು ಹೋದೆ, ನನ್ನದೇ ಪರೀಕ್ಷೆಯ ಫಲಿತಾಂಶಕ್ಕೆ ಹೋದ ಹಾಗೆ. ಆಪಾ ಮೊದಲು ಏಪ್ರಿಲ್‌ನಲ್ಲಿ ತನ್ನೆದುರು ಮುಗಿಸಿದ ಎರಡು ಪಾರಾಗಳಿಂದ ಅಲ್ಲಲ್ಲಿ ಓದಿಸಿದಳು. ನೀರು ಹರಿದಂತೆ ಹರಿಯಿತು. ಆಮೇಲೆ ನಾನು ಕೇಳಿದ ಪುಟಗಳಿಗೆ ಬಂದಳು. ಒಂದು ಹಾಳೆಯನ್ನು ಅರ್ಧ ಮುಚ್ಚಿ, ಕೆಳಗಿನ ಸಾಲಿಗೆ ಬೆರಳಿಟ್ಟು, ನನ್ನ ಕಡೆ ನೋಡಿ ನಕ್ಕಳು.

“ಇದು ನಿಮ್ಮ ಪದ್ಧತಿ ಸರ್. ಇನ್ನೂ ಮರತಿಲ್ಲ.”

ಹುಡುಗಿ ಓದಿದಳು. ಆಪಾನ ನಗು ನಿಂತಿತು. “ಮತ್ತೊಮ್ಮೆ.” ಓದಿದಳು. ಬೇರೆ ಪುಟ. ಇನ್ನೊಂದು. ಸಾಲಿಗೆರಡು ತಪ್ಪು, ಅದೂ ತಡವರಿಸಿದ ತಪ್ಪಲ್ಲ. ರೂಢಿಸಿಕೊಂಡ ತಪ್ಪು, ಗಟ್ಟಿಯಾಗಿ, ನಂಬಿಕೆಯಿಂದ ಓದಿದ ತಪ್ಪು. ಒಂದು ಕಡೆ ಮೂರು ಸಾಲು ಹಾರಿಯೇ ಹೋದವು. ಆಪಾ ಪುಸ್ತಕ ಮುಚ್ಚಿ ವಹಿ ತೆರೆದಳು. ಇಪ್ಪತ್ತು ದಿನ, ಇಪ್ಪತ್ತು ಕೆಂಪು ಗುರುತು.

“ಸರ್, ಇದನ್ನೆಲ್ಲಾ ನೀವ ಕೇಳೀರಿ?”

ಉತ್ತರ ಹೇಳಲು ನನಗೆ ಬಹಳ ಹೊತ್ತಿತ್ತು. ಹುಡುಗಿ ನನ್ನನ್ನು ನೋಡುತ್ತಿರಲಿಲ್ಲ, ಚಾಪೆಯ ಒಂದು ಎಳೆಯನ್ನು ಎಳೆಯುತ್ತಿದ್ದಳು.

“ಮನ್ಯಾಗ ಛಲೋನ ಓದ್ತಿದ್ಲು,” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಈಗಿನ ಹುಡುಗರದು ಲಕ್ಷ್ಯ ಎಲ್ಲಿರತೈತಿ. ಎಲ್ಲಾ ಮೊಬೈಲಿನ್ಯಾಗ.”

ನಮ್ಮ ಮನೆಯಲ್ಲಿದ್ದ ಮೊಬೈಲ್ ಒಂದೇ. ಅದರಲ್ಲಿ ಹಾವಿನ ಆಟ ಆಡುತ್ತಿದ್ದವನು ನಾನು.

ಆಪಾ ಹುಡುಗಿಯನ್ನು ಕೇಳಿದಳು, “ಹೌದೇನವಾ?”

“ಹೌದ್ರಿ ಆಪಾ,” ಎಂದಳು ಅವಳು. “ನಾನ ಲಕ್ಷ್ಯ ಕೊಡಲಿಲ್ಲ.”

“ಎರಡೂ ಪಾರಾ ಮತ್ತ ಮೊದಲಿಂದ ಓದಬೇಕಾಗತೈತಿ. ಮುಗೀತು ಅಂತ ನಾ ಹೇಳಾಕ ಬರೂದಿಲ್ಲ.”

“ಹೌದ್ರಿ.”

ಮನೆಗೆ ಬಂದು ಅವಳು ಹಸಿರು ಡ್ರೆಸ್ಸನ್ನು ಹರವದೆ ಹಾಗೆಯೇ ಚೀಲದ ತಳಕ್ಕೆ ಇಟ್ಟಳು. ನಾನು ವೇಳಾಪತ್ರಿಕೆಯ ಎದುರು ನಿಂತು ಅದನ್ನು ಪೂರ್ತಿ ಓದಿದೆ.

ಎರಡು ದಿನ ಬಿಟ್ಟು ಅವಳನ್ನು ನಿಪ್ಪಾಣಿಗೆ ಬಿಡಲು ಹೊರಟೆ. ಬಸ್ಸು ಹೊಳೆ ದಾಟಿ, ರಾಯಬಾಗ ದಾಟಿದರೂ ಅವಳು ಕಿಟಕಿಯ ಕಡೆಯೇ ಮುಖ ಮಾಡಿದ್ದಳು. ಕಬ್ಬಿನ ಗದ್ದೆಗಳನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಾರರು. ಚಿಕ್ಕೋಡಿ ಹತ್ತಿರ ಬಂದಾಗ ನಾನೇ ಕೇಳಿದೆ:

“ಆಪಾನ ಮುಂದ ಹಂಗ್ಯಾಕ ಹೇಳಿದಿ?”

“ಮತ್ತೇನ ಹೇಳಬೇಕಿತ್ತು?”

ನಾನು ಟಿಕೀಟು ಮಡಚಿ ಜೇಬಿನಲ್ಲಿಟ್ಟೆ. ಅವಳು ಕಿಟಕಿಗೇ ಹೇಳಿದಳು:

“ಅಜ್ಜಾ, ಅವತ್ತ ನಾ ಓದಿದ್ದು ಹಿಂದಿನ ದಿನದ್ದ ಪುಟ. ನೀವು ಕಠಿಣ ಇದ್ದೂ ಅಂದ್ರಿ.”

ಆಗ ಆ ನೋಟ ಎಲ್ಲಿಯದೆಂದು ಗೊತ್ತಾಯಿತು. ಫೂಟಪಟ್ಟಿ ಹಿಡಿದು ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದವನ ನೋಟ ಅದು. ನನ್ನದೇ.

“ಅವತ್ತ ಹೇಳಬಾರದಿತ್ತೇನವಾ?”

“ನೀವು ಅಷ್ಟ ಖುಷೀಲೆ ಸಹಿ ಮಾಡಾಕತ್ತಿದ್ರಿ,” ಎಂದಳು.

ನಿಪ್ಪಾಣಿಯಲ್ಲಿ ಮಗಳು ಊಟಕ್ಕೆ ಬಡಿಸುತ್ತ ವಿಷಯ ಕೇಳಿದಳು. ಮುಗಿದಿಲ್ಲ ಎಂದು ಹುಡುಗಿಯೇ ಹೇಳಿದಳು. ಆಗ ಮರಾಠಿ ಶುರುವಾಯಿತು. ಅಜ್ಜನ ಮನೆಯಲ್ಲಿ ಒಂದೂವರೆ ತಿಂಗಳು ಮಾಡಿದ್ದೇನು, ನೆಂಟರಿಗೆ ಈಗ ಏನು ಹೇಳುವುದು, ಇಷ್ಟು ದೊಡ್ಡ ಮಾಸ್ತರರನ್ನು ಎದುರಿಗಿಟ್ಟುಕೊಂಡು ಓದಲಾರದ ನಿನ್ನಂಥವಳು ಯಾರಿದ್ದಾರೆ. ಹುಡುಗಿ ತಟ್ಟೆ ನೋಡುತ್ತಿದ್ದಳು. ನಾನು ಎರಡನೆಯ ರೊಟ್ಟಿ ತೆಗೆದುಕೊಂಡೆ. ಪಲ್ಯ ಚೆನ್ನಾಗಿದೆಯೆಂದು ಹೇಳಿದೆನೆಂದು ಕಾಣುತ್ತದೆ. ಕೈ ತೊಳೆದು, ಮೂರರ ಬಸ್ಸು ಹಿಡಿದೆ.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಬೇಕು. ಅಥಣಿಯ ಬಸ್ಸು ನಿಂತಿತ್ತು. ಒಳಗೆ ಹತ್ತಿ, ಕಿಟಕಿಯ ಪಕ್ಕ ಜಾಗ ಹಿಡಿದು ಕೂತೆ. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿಯಾಗಿರಬೇಕು. “ಆರಾಮ ಅದೀರಿಲ್ಲ ಗುರುಗಳ?” ಎಂದು ಕೈಮುಗಿದ. ಆ ನಮಸ್ಕಾರ ನನಗೆ ತಾಳಲಾಗಲಿಲ್ಲ. ಇಳಿದುಬಿಟ್ಟೆ. “ಗುರುಗಳ, ಗಾಡಿ ಬಿಡ್ತೈತಿ,” ಎಂದು ಅವನು ಕೂಗುತ್ತಿದ್ದ. ಗಾಡಿ ಬಿಟ್ಟಿತು. ನಾನು ಎದುರಿನ ನಿಪ್ಪಾಣಿಯ ಬಸ್ಸು ಹತ್ತಿದೆ.

ಬಾಗಿಲು ತೆರೆದ ಮಗಳು ಗಾಬರಿಯಾಗಲಿಲ್ಲ. ವಯಸ್ಸಾದವರು ಏನಾದರೂ ಮರೆತು ತಿರುಗಿ ಬರುವುದು ಇದ್ದದ್ದೇ.

“ಏನ ಬಿಟ್ಟ ಹೋಗಿದ್ರಿ ಅಪ್ಪಾ? ಛತ್ರಿ?”

“ಛತ್ರಿ ಅಲ್ಲ. ಆಕಿನ್ನ ಕರಿ.”

ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ಭಾಷಣ ಮಾಡಿ ಅಭ್ಯಾಸವಿರುವ ನನಗೆ ಪೀಠಿಕೆಯೇ ಹೊಳೆಯಲಿಲ್ಲ. “ನನಗ ಅರಬ್ಬಿ ಓದಾಕ ಬರೂದಿಲ್ಲ,” ಎಂದೆ. “ಎಂದೂ ಬರತಿರಲಿಲ್ಲ. ಆಕಿ ತಪ್ಪ ಓದಿದ್ದಕ್ಕೆಲ್ಲಾ ನಾ ಸರಿ ಅಂದೀನಿ. ಆಪಾನ ಮುಂದ ತಪ್ಪ ಆಕಿ ಮ್ಯಾಲ ಹಾಕೀನಿ.”

ಮಗಳು ನಗುತ್ತಾಳೆಂದು ನಾನು ಆಸೆಪಟ್ಟಿದ್ದೆ.

“ನಿಮ್ಮ ಎದುರಿಗೇ ಬೈದೆನಲ್ಲ ಅಪ್ಪಾ,” ಎಂದಳು. “ನೀವು ಊಟ ಮಾಡಕೋತ ಕುಂತಿದ್ರಿ.”

“ಹೌದು.”

ನಾನು ವಹಿ ತರಲು ಹೇಳಿದೆ. ಜೇಬಿನ ಕೆಂಪು ಪೆನ್ನು ತೆಗೆದು, ಮೊದಲ ದಿನದ ‘ಉತ್ತಮ’ವನ್ನು ಹೊಡೆದುಹಾಕಿದೆ. ಎರಡನೆಯದನ್ನೂ. ಹುಡುಗಿ ಹತ್ತಿರ ಬಂದು ನೋಡುತ್ತಿದ್ದಳು.

“ಎಲ್ಲಾ ಹೊಡೀಬ್ಯಾಡ್ರಿ ಅಜ್ಜಾ. ಮೊದಲಿನ ನಾಕ ದಿನ ಛಲೋ ಓದೀನಿ.”

“ನನಗ ಹೆಂಗ ಗೊತ್ತಾಗಬೇಕವಾ?”

ಇಪ್ಪತ್ತೂ ಹೊಡೆದೆ. ಕೊನೆಯ ಪುಟದಲ್ಲಿ ‘ಕೇಳಿದವನಿಗೆ ಓದಲು ಬರುವುದಿಲ್ಲ’ ಎಂದು ಷರಾ ಬರೆದು, ಕೆಳಗೆ ಪೂರ್ತಿ ಸಹಿ ಮಾಡಿ, ಅದನ್ನು ಮರುದಿನ ಅಥಣಿಗೆ ಮರಳಿ ಆಪಾನ ಕೈಗೆ ಕೊಟ್ಟೆ. ಅವಳು ಓದಿದಳು, ವಹಿ ಮಡಚಿದಳು. “ಬೆಳಿಗ್ಗೆ ಏಳಕ್ಕ ಪಾಠ ಇರತೈತಿ ಸರ್,” ಎಂದಳು, ಅಷ್ಟೇ. ನಾನು ಹೋಗಿಲ್ಲ. ಸಣ್ಣ ಮಕ್ಕಳ ನಡುವೆ ಚಾಪೆಯ ಮೇಲೆ ಕೂಡುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಶೇಡಬಾಳದಿಂದ ಮರಳಿದ ಹೆಂಡತಿಯ ಬಳಿ, ಬಾಗಿಲು ಹಾಕಿಕೊಂಡು, ಹದಿನಾರನೆಯ ಅಕ್ಷರಕ್ಕೆ ಬಂದಿದ್ದೇನೆ.

ಉಳಿದ ಎರಡು ಪಾರಾಗಳನ್ನು ಹುಡುಗಿ ಶಾಲೆ ಬಿಟ್ಟು ಬಂದ ಮೇಲೆ ಫೋನಿನಲ್ಲಿ ಅಜ್ಜಿಗೆ ಓದಿ ಒಪ್ಪಿಸಿದಳು. ಕೂತ ತಪ್ಪುಗಳನ್ನು ಏಳಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟವಾಯಿತು. ಉದ್ದವಿದೆಯೆಂದು ನಾನು ‘ಬರೋಬ್ಬರಿ’ ತೀರ್ಪು ಕೊಟ್ಟ ಆ ಶಬ್ದವಂತೂ ಆಗಸ್ಟ್ ತಿಂಗಳವರೆಗೆ ಅವಳ ಬಾಯಿ ಬಿಡಲಿಲ್ಲ. ಪಕ್ಕದ ಕೋಣೆಯಲ್ಲಿ ಕುಳಿತು, ಅಲ್ಲಿಗೆ ಬಂದಾಗಲೆಲ್ಲ ಹೆಂಡತಿ ಅವಳನ್ನು ತಡೆಯುವುದನ್ನು ನಾನು ಕೇಳುತ್ತಿದ್ದೆ. ಮುಗಿದಾಗ ನೆಂಟರು ಬಂದರು, ಸಿಹಿ ಹಂಚಿದರು. ಹಸಿರು ಡ್ರೆಸ್ಸು ಅಷ್ಟರಲ್ಲಿ ಮೊಣಕೈಯಲ್ಲಿ ಸ್ವಲ್ಪ ಬಿಗಿಯಾಗಿತ್ತು.

ಅದಾದ ಕೆಲವೇ ದಿನಕ್ಕೆ ನಮ್ಮ ಓಣಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಪುಸ್ತಕಗಳು ಹಂಚಿಕೆಯಾದವು. ನನ್ನ ಕೈ ರೂಢಿಯಂತೆ ಮುಂದೆ ಹೋಗಿ ಒಂದನ್ನು ಹಿಡಿಯಿತು, ತೆರೆಯಿತು ಕೂಡ. ಮುಚ್ಚಿ ಪಕ್ಕದವರಿಗೆ ಕೊಟ್ಟೆ.

“ಯಾಕ್ರಿ ಮಾಸ್ತರ?”

“ನನಗ ಓದಾಕ ಬರೂದಿಲ್ಲ.”

ಅವರು ಕನಿಕರದಿಂದ ನೋಡಿ, ತಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು ನನ್ನ ಕಡೆ ಚಾಚಿದರು. “ನಂದ ಹಾಕೋರಿ. ಇಬ್ಬರದೂ ಒಂದ ನಂಬರ್ ಇದ್ದೀತು.”

ತೆಗೆದುಕೊಂಡಿದ್ದರೆ ಎಲ್ಲವೂ ಮೊದಲಿನಂತೆ ಸಾಗುತ್ತಿತ್ತು. ಒಂದು ಕ್ಷಣ ಕೈ ಎದ್ದದ್ದೂ ನಿಜ.

“ಚಸ್ಮಾ ಐತ್ರಿ,” ಎಂದು ಜೇಬು ಮುಟ್ಟಿ ತೋರಿಸಿದೆ. “ಕಲ್ತಿಲ್ಲ.”

ಆಚೆ ಈಚೆಯ ಮೂರು ನಾಲ್ಕು ಜನ ಓದುವುದನ್ನು ನಿಲ್ಲಿಸಿ ತಲೆ ಎತ್ತಿದರು. ಮತ್ತೆ ಬಗ್ಗಿಸಿದರು. ನನ್ನ ಪಾಲಿನ ಪಾರಾವನ್ನು ಪಕ್ಕದವರು ತಮ್ಮದು ಮುಗಿದ ಮೇಲೆ ಓದಿದರು. ಅದರಿಂದಾಗಿ ಎಲ್ಲರೂ ಏಳುವುದು ಅರ್ಧ ತಾಸು ತಡವಾಯಿತು. ಅಷ್ಟೂ ಹೊತ್ತು ನಾನು ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚದೆ ಕೂತಿದ್ದೆ.